ನಮ್ಮ ಆಯಿ
(ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ವಾಚನಾಲಯದಲ್ಲಿ ದೊಡ್ಡ ಸಾಹಿತಿಗಳ, ದೇಶಭಕ್ತರ ಜೀವನವನ್ನು ಕುರಿತು ಅನೇಕ ಭಾಷಣಗಳಾಗಿವೆ. ಈ ಸಲ ಕಾರ್ಯಕರ್ತರೇ ತಮ್ಮ ಮನೆಯ ಹಿರಿಯರೊಬ್ಬರ ವಿಷಯ ಹೇಳಬೇಕೆಂದು ಅಪ್ಪಣೆಯಾಯಿತು. ನಾವು ಗಿರಣಿಯಲ್ಲಿ ಕಾರಕೂನಿಕೆ ಮಾಡುವವರು. ಹತ್ತನೆಯ ಇಯತ್ತೆಯ ಆಚೆಗೆ ಓದಿದವರಲ್ಲ. ಆದರೂ ನಮ್ಮ ಆಯಿಯ ವಿಷಯ ಹೇಳಲು ಹೆಚ್ಚಿನ ಓದು ಬೇಡವೆಂದು ಧೈರ್ಯ ಮಾಡಿ ನಿಂತಿದ್ದೇವೆ. ಆಯಿ ಎಂದರೆ ನಮ್ಮ ಕಡೆ ಅಜ್ಜಿ. ನಮ್ಮ ತಂದೆಯ ತಾಯಿ.

ಆಯಿ ತೀರಿಕೊಂಡದ್ದು 2018ರಲ್ಲಿ. ಹುಟ್ಟಿದ ತಾರೀಖನ್ನು ಬರೆದಿಟ್ಟವರಿಲ್ಲ. 1947ರಲ್ಲಿ ಸ್ವಾತಂತ್ರ್ಯ ಬಂದು ಓಣಿಯಲ್ಲಿ ಸಕ್ಕರೆ ಹಂಚಿದಾಗ ತಾನು ಹೊಸದಾಗಿ ಗಂಡನ ಮನೆಗೆ ಬಂದಿದ್ದೆನೆಂದು ಹೇಳುತ್ತಿದ್ದಳು. ಅದರ ಮೇಲಿಂದ ತೊಂಬತ್ತರ ಸುಮಾರಿನ ಆಯುಷ್ಯವೆಂದು ನಾವು ಲೆಕ್ಕ ಹಾಕಿದ್ದೇವೆ. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಒಂದೇ ಮನೆಯಲ್ಲಿ. ಆಕೆ ಬಂದಾಗ ಅದು ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆ. 1956ರ ನವೆಂಬರ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಬಾಗಲಕೋಟೆಯೇ ಜಿಲ್ಲೆಯಾಯಿತು. ಹೀಗೆ ಹೊಸ್ತಿಲು ದಾಟದೆಯೇ ಆಕೆಯ ವಿಳಾಸ ಮೂರು ಸಲ ಬದಲಾಯಿತು. ನಾಲ್ಕನೆಯ ಸಲ ಹೊಸ್ತಿಲೇ ಹೋಯಿತು. ಆ ಮಾತು ಮುಂದೆ ಬರುತ್ತದೆ.

ಆಯಿ ಶಾಲೆಯ ಮುಖ ಕಂಡವಳಲ್ಲ. ಆದರೆ ದಿನಚರಿಯಲ್ಲಿ ಗಡಿಯಾರಕ್ಕಿಂತ ನಿಖರ. ನಸುಕಿನಲ್ಲಿ ಎದ್ದು ಸ್ನಾನ ಮಾಡಿ, ವಿಭೂತಿ ಧರಿಸಿ, ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿಟ್ಟುಕೊಂಡು ಕೂಡುತ್ತಿದ್ದಳು. ಪೂಜೆಯಾಗದೆ ಗುಟುಕು ನೀರು ಸಹ ಕುಡಿಯುತ್ತಿರಲಿಲ್ಲ. ಜ್ವರ ಬಂದರೂ ಅಷ್ಟೇ, ಮನೆಯಲ್ಲಿ ಮದುವೆಯಿದ್ದರೂ ಅಷ್ಟೇ. ಮುಂದೆ ನಮ್ಮ ಮುಂಬಯಿಯ ಎರಡು ಖೋಲಿಯ ಮನೆಗೆ ಬಂದಾಗಲೂ, ನಳಕ್ಕೆ ಗದ್ದಲವಾಗುವದಕ್ಕಿಂತ ಮೊದಲು ಆಕೆಯ ಸ್ನಾನ, ಪೂಜೆ ಎರಡೂ ಮುಗಿದಿರುತ್ತಿದ್ದವು. ಪತ್ರಿ ಸಿಕ್ಕರೆ ಪತ್ರಿ, ಸಿಗದಿದ್ದರೆ ಬರಿಯ ನೀರು. ಅದಕ್ಕಾಗಿ ಎಂದೂ ಗೊಣಗಲಿಲ್ಲ.

ಪೂಜೆಯಾದ ಮೇಲೆ ಮಾಡುವ ಮೊದಲ ಕೆಲಸವೆಂದರೆ ರೊಟ್ಟಿಯ ಹಿಟ್ಟಿನಲ್ಲಿ ಒಂದು ಹಿಡಿಯನ್ನು ಬೇರೆ ಗಡಿಗೆಗೆ ಹಾಕುವದು. ಅದು ದಾಸೋಹದ ಪಾಲು. ಜಂಗಮರಿಗೆ, ಬೇಡಿ ಬಂದವರಿಗೆ, ಒಲೆ ಹೊತ್ತದ ನೆರೆಮನೆಗೆ ಅದು ಹೋಗುತ್ತಿತ್ತು. 1972ರ ಬರಗಾಲದಲ್ಲಿ ಮನೆಯವರಿಗೇ ರೊಟ್ಟಿ ಸಾಲದಾದಾಗ ಮುತ್ಯಾ, ‘ಈಗರೆ ಆ ಗಡಿಗಿ ಬಿಡು’ ಎಂದರಂತೆ. ಆಯಿ ಗಡಿಗೆಯನ್ನು ಬಿಡಲಿಲ್ಲ. ತನ್ನ ರೊಟ್ಟಿಯನ್ನು ಸಣ್ಣದು ಮಾಡಿಕೊಂಡಳು. ಹತ್ತು ವರ್ಷಗಳ ನಂತರ, 1982ರ ಜನವರಿ 18ಕ್ಕೆ ಮುಂಬಯಿಯ ಗಿರಣಿ ಕಾಮಗಾರರ ದೊಡ್ಡ ಸಂಪು ಸುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾಮಗಾರರಲ್ಲಿ ನಮ್ಮ ತಂದೆಯೂ ಒಬ್ಬರು. ಪಗಾರ ನಿಂತಿತು. ಊರಿಂದ ಬರುವವರ ಕೈಯಲ್ಲಿ ಆಯಿ ಜೋಳ, ಕಟಕ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಿದ್ದಳು. ಗಂಟು ಎರಡಿರುತ್ತಿದ್ದವು. ಒಂದು ಮಗನಿಗೆ, ಇನ್ನೊಂದು, ಅದೇ ಚಾಳಿನಲ್ಲಿ ಊರಿಂದ ಏನೂ ಬಾರದವರಿಗೆ.

ಇನ್ನೊಂದು ಪ್ರಸಂಗ. ಮುಂಬಯಿಯಲ್ಲಿ ಒಮ್ಮೆ ರೇಶನ್ ಅಂಗಡಿಯಿಂದ ತಂದ ಸಕ್ಕರೆ ಒಂದು ಕಿಲೋ ಹೆಚ್ಚಿಗೆ ಬಂದಿತ್ತು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಆಯಿ ಮಾತ್ರ, ‘ಅದು ನಮ್ಮದಲ್ಲ ತಮ್ಮಾ, ಹೋಗಿ ಕೊಟ್ಟ ಬಾ’ ಎಂದಳು. ಗಂಡ ಹೆಚ್ಚಿಗೆ ತಂದ ಅಕ್ಕಿಯನ್ನು ತಿರುಗಿ ಸುರಿದು ಬರಲು ಹೇಳಿದ ಆಯ್ದಕ್ಕಿ ಲಕ್ಕಮ್ಮನ ಕಥೆ ನಮಗೆ ತಿಳಿದದ್ದು ಆ ದಿನವೇ. ಆಯಿ ಅದನ್ನು ಪುಸ್ತಕದಲ್ಲಿ ಓದಿರಲಿಲ್ಲ. ಶ್ರಾವಣದ ಪುರಾಣದಲ್ಲಿ ಕೇಳಿದ್ದಳು, ಕೇಳಿದ್ದನ್ನು ನಡೆಸಿದಳು.

ಇನ್ನು ಮುಳುಗಡೆಯ ಮಾತು. 1964ರಲ್ಲಿ ಲಾಲ ಬಹಾದೂರ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣೆಯ ಆಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಊರು ಮುಳುಗುತ್ತದೆ, ಊರು ಮುಳುಗುತ್ತದೆ ಎಂದು ಮೂವತ್ತು ವರ್ಷ ಕೇಳಿ ಕೇಳಿ ಜನ ಅದನ್ನು ನಂಬುವದನ್ನೇ ಬಿಟ್ಟಿದ್ದರು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನ ವರೆಗೆ ನೀರು ನಿಲ್ಲಿಸಲು ಒಪ್ಪಿತು. ಹಿನ್ನೀರು ಘಟಪ್ರಭೆಯಲ್ಲಿ ಏರಿ ಹಳೆಯ ಊರಿನ ತಗ್ಗಿನ ಓಣಿಗಳಿಗೆ ಬಂತು. ಜನ ನವನಗರಕ್ಕೆ ಹೋದರು. ಆ ನೀರು ಬರದ ಭೂಮಿಗೆ ಹರಿದದ್ದು ನಿಜ. ಎಷ್ಟೋ ಒಲೆಗಳು ಆರಿದ್ದೂ ನಿಜ. ನಮ್ಮ ಮನೆಯೂ ಹೋಯಿತು, ಹೊಲದ ಬದುವಿನಲ್ಲಿದ್ದ ಮುತ್ಯಾನ ಸಮಾಧಿಯೂ ಹೋಯಿತು. ಆಯಿ ಅತ್ತದ್ದು ಮನೆಗಾಗಿ ಅಲ್ಲ, ಸಮಾಧಿಗಾಗಿ. ಆಮೇಲೆ ಕೊರಳಲ್ಲಿಯ ಕರಡಿಗೆಯನ್ನು ಮುಟ್ಟಿಕೊಂಡು, ‘ಇವ ಸಂಗಾಟ ಬರತಾನ’ ಎಂದು ಎದ್ದಳು. ಪ್ರತಿ ಶಿವರಾತ್ರಿಗೆ ಹಿನ್ನೀರಿನ ಅಂಚಿಗೆ ಹೋಗಿ, ಸಮಾಧಿಯ ದಿಕ್ಕಿಗೆ ಒಂದು ಪತ್ರಿಯನ್ನು ನೀರಲ್ಲಿ ಬಿಟ್ಟು ಬರುವದು ರೂಢಿಯಾಯಿತು.

ಆಕೆಯನ್ನು ದೇವತೆ ಮಾಡುವದು ನಮ್ಮ ಉದ್ದೇಶವಲ್ಲ. ಹಟಮಾರಿ ಇದ್ದಳು. ನಮ್ಮ ಕಾಕಾನ ಮಗಳು ಬೇರೆ ಜಾತಿಯವನೊಡನೆ ಲಗ್ನವಾದಾಗ ಆಯಿ ಲಗ್ನಕ್ಕೆ ಹೋಗಲಿಲ್ಲ. ಎರಡು ವರ್ಷ ಆ ಹುಡುಗಿಯ ಹೆಸರೆತ್ತಲಿಲ್ಲ. ಮನೆಯಲ್ಲಿ ಯಾರಿಗೂ ಕೇಳುವ ಧೈರ್ಯವಿರಲಿಲ್ಲ. ಆಗ ಆಯಿ ಮುಂಬಯಿಯಲ್ಲಿದ್ದಳು. ಈ ವಾಚನಾಲಯದಿಂದ ಒಯ್ದ ಶರಣರ ಚರಿತ್ರೆಯನ್ನು ನಾವು ದಿನಾಲು ಸಂಜೆಗೆ ಓದಿ ಹೇಳುತ್ತಿದ್ದೆವು. ಒಂದು ಸಂಜೆ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ಆದ ಲಗ್ನದ ಭಾಗ ಬಂತು. ಚಮ್ಮಾರರ ಮಗ, ಬ್ರಾಹ್ಮಣರ ಮಗಳು. ಅದಕ್ಕಾಗಿ ಬಿಜ್ಜಳನು ಆ ತಂದೆಗಳಿಗೆ ಕೊಟ್ಟ ಘೋರ ಶಿಕ್ಷೆ. ‘ಸಾಕು, ಮುಚ್ಚು’ ಎಂದಳು ಆಯಿ. ಮರುದಿನ ತಾನೇ, ‘ನಿನ್ನಿದನ್ನ ಮತ್ತೊಮ್ಮೆ ಓದು’ ಎಂದಳು. ಓದಿದೆವು. ಬಹಳ ಹೊತ್ತು ಸುಮ್ಮನೆ ಕೂತು, ‘ಆ ಹುಡುಗಿಗೆ ಫೋನ್ ಹಚ್ಚು’ ಎಂದಳು. ಎಂಬತ್ತು ದಾಟಿದ ಮೇಲೆ ತನ್ನ ಭಕ್ತಿಯನ್ನು ತಾನೇ ತೂಗಿ ನೋಡುವದು ಸಣ್ಣ ಮಾತಲ್ಲ. ಆಕೆಯ ಆಯುಷ್ಯದಲ್ಲಿ ನಮಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವದು ಇದೇ.

ಕೊನೆಯದಾಗಿ ಹಾಡುಗಳ ವಿಷಯ. ಆಯಿಗೆ ಬೀಸುವ ಕಲ್ಲಿನ ಪದಗಳು ಬಹಳ ಬರುತ್ತಿದ್ದವು. ಆದರೆ ‘ಹಾಡು ಹೇಳು’ ಎಂದರೆ ನೆನಪಾಗುತ್ತಿರಲಿಲ್ಲ. ಬೀಸುವವಳಂತೆ ಬರಿಗೈಯನ್ನು ಗಾಳಿಯಲ್ಲಿ ತಿರುಗಿಸತೊಡಗಿದರೆ ಒಂದರ ಹಿಂದೊಂದು ಬರುತ್ತಿದ್ದವು. ಹಾಗೆ ನಾವು ನಲವತ್ತೊಂದು ಪದಗಳನ್ನು ನೋಟಬುಕ್ಕಿನಲ್ಲಿ ಇಳಿಸಿಕೊಂಡೆವು. ಕೊನೆಯ ವರ್ಷ ಆಕೆ ನವನಗರಕ್ಕೆ ಹೋದಳು. ಅಲ್ಲಿಯೇ ಲಿಂಗೈಕ್ಯಳಾದಳು. ಎಡಗೈಯಲ್ಲಿ ಲಿಂಗವನ್ನಿಟ್ಟು, ಕೂಡಿಸಿ ಮಣ್ಣು ಕೊಟ್ಟೆವು. ಉಳಿದ ಪದಗಳು ಆಕೆಯೊಂದಿಗೆ ಹೋದವು.

ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಊರೂರುಗಳಿಂದ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರ ಸಾರ’ವನ್ನು ಪ್ರಕಟಿಸಿದರು. ಅದೇ ಜಿಲ್ಲೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಬೀಸುವ ಹೆಣ್ಣುಮಕ್ಕಳ ಬಾಯಿಂದ ಕೇಳಿ ‘ಗರತಿಯ ಹಾಡು’ ಕೂಡಿಸಿದರು. ಅಂಥ ದೊಡ್ಡ ಕೆಲಸ ನಮ್ಮಿಂದಾಗದು. ಆದರೆ ಈ ಊರಿನ ಚಾಳುಗಳಲ್ಲಿ, ಕಟ್ಟಡಗಳಲ್ಲಿ ಇನ್ನೂ ಎಷ್ಟೋ ಆಯಿಗಳಿದ್ದಾರೆ. ಅವರ ಮೊಮ್ಮಕ್ಕಳಿಗೆ ಮರಾಠಿ, ಹಿಂದಿ ಬರುತ್ತವೆ. ಆಯಿಯ ಮಾತು ಅರ್ಧ ಮಾತ್ರ ತಿಳಿಯುತ್ತದೆ. ಆದುದರಿಂದ ನಮ್ಮ ಬಿನ್ನಹ ಇಷ್ಟೇ: ನಿಮ್ಮ ಮನೆಯ ಹಿರಿಯರ ಮಗ್ಗುಲಲ್ಲಿ ದಿನಕ್ಕೆ ಅರ್ಧ ತಾಸು ಕೂತು, ಅವರು ಹೇಳಿದ್ದನ್ನು ಬರೆದುಕೊಳ್ಳಿರಿ. ಕಾಗದ, ಪೆನ್ಸಿಲು ವಾಚನಾಲಯದಲ್ಲಿವೆ; ಬರೆಯಲು ಬಾರದವರಿಗೆ ನಾವು ರವಿವಾರ ಮನೆಗೇ ಬಂದು ಬರೆದುಕೊಡುತ್ತೇವೆ. ಆಯಿಯ ನಲವತ್ತೊಂದು ಪದಗಳ ನೋಟಬುಕ್ಕನ್ನು ಇಂದೇ ವಾಚನಾಲಯದ ಕಪಾಟಿಗೆ ಒಪ್ಪಿಸುತ್ತಿದ್ದೇವೆ. ಅದರ ಮಗ್ಗುಲಲ್ಲಿ ಜಾಗ ಬಹಳವಿದೆ.