ನೇಗಿಲು ಎರೆದ ಲಕ್ಷ್ಮಣರಾವ್ ಕಿರ್ಲೋಸ್ಕರರು
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಛಂದಸ್ಸು ವ್ಯಾಕರಣಗಳನ್ನು ಬೋಧಿಸುವ ನಮಗೂ ಕಬ್ಬಿಣದ ನೇಗಿಲಿಗೂ ಏನು ಸಂಬಂಧವೆಂದು ತಾವು ಕೇಳಬಹುದು. ಆ ಸಂಬಂಧ ನಮ್ಮ ಅಜ್ಜನವರಿಂದ ಬಂದುದು. ಮನೆಯ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದ ನೇಗಿಲೊಂದು ಬಹುಕಾಲ ಬಿದ್ದಿದ್ದಿತು. ಅದನ್ನು ಯಾರೂ ನೇಗಿಲೆನ್ನುತ್ತಿರಲಿಲ್ಲ. ‘ಕಿರ್ಲೋಸ್ಕರ’ ಎಂದೇ ಕರೆಯುತ್ತಿದ್ದರು. ಅಂಕಿತನಾಮವು ರೂಢನಾಮವಾಗುವುದಕ್ಕೆ ತರಗತಿಯಲ್ಲಿ ನಾವು ಇಂದಿಗೂ ಕೊಡುವ ಉದಾಹರಣೆ ಅದೇ.

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ, ಸುತ್ತಲಿನ ನೆಲ ಕನ್ನಡದ್ದು. ಶಾಲೆಯ ಓದು ಅವರಿಗೆ ರುಚಿಸಲಿಲ್ಲ. ಚಿತ್ರ ಬರೆಯುವ ಹಂಬಲ, ಯಂತ್ರಗಳ ಮೇಲಣ ಮೋಹ, ಇವೆರಡೇ ಅವರ ಬಂಡವಾಳ. ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಒಂದು ಕಠೋರ ಸತ್ಯ ಹೊರಬಿದ್ದಿತು: ಅವರ ಕಣ್ಣು ಕೆಲವು ಬಣ್ಣಗಳನ್ನು ಬೇರ್ಪಡಿಸಿ ಕಾಣಲಾರದು! ವರ್ಣಚಿತ್ರವನ್ನೇ ನೆಚ್ಚಿ ಮನೆ ಬಿಟ್ಟು ಬಂದ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಯಾವುದು? ಆದರೆ ಗೆರೆಗೆ ಬಣ್ಣ ಬೇಕಿಲ್ಲ. ಯಂತ್ರಗಳ ರೇಖಾಚಿತ್ರವನ್ನು ಕಲಿತು, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಅದನ್ನೇ ಕಲಿಸುವ ಉಪಾಧ್ಯಾಯರಾದರು. ತಮಗೆ ಸಲ್ಲಬೇಕಾದ ಬಡ್ತಿ ಬೇರೊಬ್ಬರಿಗೆ ಹೋದಾಗ ರಾಜೀನಾಮೆಯಿತ್ತು ಬೆಳಗಾವಿಗೆ ಮರಳಿದರು. ಅಲ್ಲಿ 1888ರಿಂದಲೇ ಅಣ್ಣ ರಾಮುವಣ್ಣನವರೊಡನೆ ಸೈಕಲ್ಲಿನ ವ್ಯಾಪಾರ ನಡೆದಿತ್ತು.

ಮೊದಲು ಕೈಗೆತ್ತಿಕೊಂಡುದು ಕಣಿಕೆ ಕತ್ತರಿಸುವ ಕೈಯಂತ್ರವನ್ನು. ಆಮೇಲೆ, 1903ರಲ್ಲಿ, ಕಬ್ಬಿಣದ ನೇಗಿಲನ್ನು.

ಎರೆಯ ಹೊಲ ಉಳುವ ತಮಗೆ ಇದರ ಮಹತ್ತ್ವವನ್ನು ಹೇಳಬೇಕಾಗಿಲ್ಲ. ಮರದ ನೇಗಿಲು ನೆಲವನ್ನು ಗೀರುತ್ತದೆಯೇ ಹೊರತು ಮಗುಚುವುದಿಲ್ಲ. ಕರಿಕೆಯ ಬೇರು ಆಳದಲ್ಲಿ ಹಾಗೆಯೇ ಉಳಿದು ಮತ್ತೆ ಚಿಗುರುತ್ತದೆ. ಕಬ್ಬಿಣದ ನೇಗಿಲಿಗೆ ಕುಳದ ಹಿಂದೆ ತಿರುಚಿದ ರೆಕ್ಕೆಯೊಂದು ಇರುತ್ತದೆ. ಅದು ಹೆಂಟೆಯನ್ನು ಎತ್ತಿ ಪಕ್ಕಕ್ಕೆ ಹೊರಳಿಸಿ, ಬೇರನ್ನು ಬಿಸಿಲಿಗೆ ಒಡ್ಡುತ್ತದೆ. ಎಳೆಯಲು ಹೆಚ್ಚು ಎತ್ತು ಬೇಕೆಂಬುದು ನಿಜ, ಫಲವೂ ಹಾಗೆಯೇ.

ಆದರೆ ಕೊಳ್ಳುವವರು ಯಾರು? ಕಬ್ಬಿಣ ತಾಗಿದರೆ ಭೂಮಿ ವಿಷವಾಗುವುದೆಂದು ರೈತರು ನಂಬಿದ್ದರು. ಎರಡು ವರ್ಷ ಒಂದು ನೇಗಿಲೂ ಮಾರಾಟವಾಗಲಿಲ್ಲ. ಈ ಮಾತಿಗೆ ನಗುವವರುಂಟು, ನಾವು ನಗಲಾರೆವು. ಒಂದು ಹಂಗಾಮು ಕೆಟ್ಟರೆ ವರ್ಷದ ಅನ್ನವೇ ಹೋಗುವವನು ಕಾಣದ ವಸ್ತುವನ್ನು ಸಂಶಯದಿಂದ ನೋಡುವುದು ಮೌಢ್ಯವೊಂದೇ ಅಲ್ಲ. ಲಕ್ಷ್ಮಣರಾಯರು ಕಾದರು. ಕೊಂಡವನ ಹೊಲ ಕೆಡಲಿಲ್ಲ, ಹಸನಾಯಿತು. ಅದನ್ನು ಕಂಡ ನೆರೆಯವನು ತಾನೂ ಬಂದನು.

ವ್ಯಾಪಾರ ಕುದುರುವಷ್ಟರಲ್ಲಿ, ಊರಿನ ವಿಸ್ತರಣೆಗಾಗಿ ಕಾರಖಾನೆಯ ಜಾಗವನ್ನು ತೆರವು ಮಾಡಬೇಕಾಯಿತು. ಆಗ ಕೈಹಿಡಿದವರು ಔಂಧದ ಅರಸರಾದ ಬಾಳಾಸಾಹೇಬ ಪಂತಪ್ರತಿನಿಧಿಗಳು. ಅವರು ಸ್ವತಃ ಚಿತ್ರಕಾರರು. ಬಣ್ಣ ಕೈಕೊಟ್ಟವನಿಗೆ ಬಣ್ಣದ ಒಡೆಯನೇ ನೆಲ ಕೊಟ್ಟನಲ್ಲ ಎಂದು ನಮಗೆ ಅನೇಕ ಸಲ ಅನಿಸಿದೆ! ಕುಂಡಲ ರೋಡ್ ರೈಲುನಿಲ್ದಾಣದ ಬಳಿ 32 ಎಕರೆ. ಪಾಪಾಸುಕಳ್ಳಿ, ಹಾವು, ಬರಡು ನೆಲ. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಸೆರೆಮನೆ ಕಂಡು ಬಂದವರನ್ನೇ ಅವರು ಕಾವಲಿಗೆ ನಿಲ್ಲಿಸಿದರು. ಆ ಊರು ಇಂದು ನಮ್ಮ ಜತ್ತವಿರುವ ಸಾಂಗಲಿ ಜಿಲ್ಲೆಯಲ್ಲಿಯೇ ಇದೆ. ನೇಗಿಲಿನ ಬಳಿಕ ಅಲ್ಲಿ ನೀರೆತ್ತುವ ಪಂಪುಗಳೂ ತಯಾರಾದವು.

ಲಕ್ಷ್ಮಣರಾಯರು ತೀರಿಕೊಂಡುದು 1956ರ ಸೆಪ್ಟೆಂಬರ್ 26ರಂದು. ಐದು ವಾರ ಕಳೆದು ನವೆಂಬರ್ 1 ಬಂದಿತು. ಹುಟ್ಟಿದ ಊರು ಮೈಸೂರು ರಾಜ್ಯಕ್ಕೆ ಸೇರಿತು, ಕಟ್ಟಿದ ಊರು ಮುಂಬಯಿ ರಾಜ್ಯದಲ್ಲಿ ಉಳಿಯಿತು.

ಅಜ್ಜನವರ ನೇಗಿಲನ್ನು ಗುಜರಿಗೆ ಹಾಕಲು ಮನಸ್ಸು ಬಾರದೆ ಈ ದಿನ ಇಲ್ಲಿಗೆ ತಂದು ಬಾಗಿಲ ಬಳಿ ಇರಿಸಿದ್ದೇವೆ. ಹೋಗುವಾಗ ತಾವು ನೋಡಬಹುದು. ಮಕ್ಕಳು ಮೇಳಿಯನ್ನು ಹಿಡಿದು ನೋಡಲಿ. ಕುಳದ ಹತ್ತಿರ ಮಾತ್ರ ಬೆರಳು ಜೋಪಾನ.