ನಿವೃತ್ತರ ಮನೆಯಲ್ಲಿ ಕುಣಿತದ ತಾಳ

(ಹಿರಿಯರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಬೆಂಗಳೂರಿಗೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಬಹುಕಾಲ ಇತ್ತು. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳಲ್ಲಿ ನಿವೃತ್ತರ ದಿನ ಹೇಗೆ ಕಳೆಯಬೇಕೆಂಬುದಕ್ಕೆ ಅಲಿಖಿತ ಪಟ್ಟಿಯೊಂದಿದೆ. ಬೆಳಿಗ್ಗೆ ವಾಯುವಿಹಾರ, ಆಮೇಲೆ ಪತ್ರಿಕೆ, ಬ್ಯಾಂಕಿನ ಕೆಲಸ, ಸಂಜೆ ಉಪನ್ಯಾಸ ಅಥವಾ ಕಛೇರಿ, ರಾಮನವಮಿ ಬಂದರೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಸಂಗೀತೋತ್ಸವ. ಈ ಪಟ್ಟಿಯಲ್ಲಿ ಕೇಳುವುದಕ್ಕೆ ಬೇಕಾದಷ್ಟಿದೆ, ಮಾಡುವುದಕ್ಕೆ ಬಹಳ ಕಡಿಮೆ. ಮೂವತ್ತು ವರ್ಷ ಕೈಕೆಲಸ ಮಾಡಿದವರು ಅರವತ್ತಕ್ಕೆ ಬಂದ ಕೂಡಲೇ ಬರೀ ಕೇಳುಗರಾಗಿ ಕೂರಬೇಕೆ? ಇವತ್ತಿನ ವಿಷಯ ಹುಟ್ಟುವುದು ಈ ಪ್ರಶ್ನೆಯಿಂದ. ವಿಷಯ ಕೇಳಿದರೆ ಕೆಲವರಿಗೆ ನಗು ಬರಬಹುದು: ನಿವೃತ್ತರು ಮನೆಯಲ್ಲೇ ಕುಳಿತು ಎಲೆಕ್ಟ್ರಾನಿಕ್ ನೃತ್ಯ ಸಂಗೀತವನ್ನು ತಯಾರಿಸುವ ಹವ್ಯಾಸ.

ಈ ಸಂಗೀತವೆಂದರೆ ದೊಡ್ಡ ಮೈದಾನ, ಕಣ್ಣು ಕೋರೈಸುವ ದೀಪ, ಎದೆ ನಡುಗಿಸುವ ಸ್ಪೀಕರು ಎಂಬ ಕಲ್ಪನೆ ಸಾಮಾನ್ಯ. ಅದರ ಹುಟ್ಟು ಮಾತ್ರ ಅಷ್ಟು ದೊಡ್ಡದಲ್ಲ. 1980ರ ದಶಕದ ಆರಂಭದಲ್ಲಿ ಅಮೆರಿಕದ ಷಿಕಾಗೊದಲ್ಲಿ ‘ವೇರ್‌ಹೌಸ್’ ಎಂಬ ಕ್ಲಬ್ಬಿನ ಸುತ್ತ ಬೆಳೆದ ಸಂಗೀತಕ್ಕೆ ಆ ಹೆಸರಿನ ತುಂಡೇ ಅಂಟಿಕೊಂಡು ‘ಹೌಸ್’ ಎಂದಾಯಿತು. ಅದನ್ನು ಕಟ್ಟಿದ ಹುಡುಗರಲ್ಲಿ ಅನೇಕರ ಬಳಿ ಇದ್ದದ್ದು ಅಗ್ಗದ, ಹಳೆಯ ಯಂತ್ರಗಳು. ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಮೊದಲಲ್ಲಿ ತಂದ ಟಿಬಿ-303 ಎಂಬ ಪುಟ್ಟ ಪೆಟ್ಟಿಗೆಯನ್ನೇ ನೋಡಿ. ಒಂಟಿಯಾಗಿ ಗಿಟಾರ್ ನುಡಿಸುವವರಿಗೆ ಬೇಸ್ ಗಿಟಾರಿನ ಜೊತೆ ಕೊಡಲೆಂದು ಮಾಡಿದ ಯಂತ್ರವದು. ಬೇಸ್ ಗಿಟಾರಿನಂತೆ ಅದು ಕೇಳಿಸಲೇ ಇಲ್ಲ, ವ್ಯಾಪಾರವೂ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತು ಅದು ಹಳೆಯ ಸಾಮಾನಿನ ಅಂಗಡಿ ಸೇರಿತು. ಷಿಕಾಗೊದ ಹುಡುಗರು ಅಲ್ಲಿಂದ ತಂದು, ಗುಂಡಿಗಳನ್ನು ಮನಬಂದಂತೆ ತಿರುಗಿಸಿ, 1987ರಲ್ಲಿ ‘ಆಸಿಡ್ ಹೌಸ್’ ಎಂಬ ಹೊಸ ಶೈಲಿಯನ್ನೇ ಕೇಳಿಸಿದರು.

ಅದಕ್ಕೂ ಐದು ವರ್ಷ ಮೊದಲು ಅದೇ ಯಂತ್ರ ಮುಂಬಯಿಯ ಒಂದು ಮನೆಯಲ್ಲಿತ್ತು. ಹಿಂದಿ ಚಿತ್ರಸಂಗೀತದ ವಾದ್ಯಗಾರ ಚರಣ್‌ಜಿತ್ ಸಿಂಗ್ ಅವರು ರೋಲ್ಯಾಂಡಿನ ಮೂರು ಯಂತ್ರಗಳನ್ನು ಜೋಡಿಸಿ ಮನೆಯಲ್ಲೇ ಅಭ್ಯಾಸ ಮಾಡಿ, 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿದ ಧ್ವನಿಮುದ್ರಿಕೆಯನ್ನು ತಂದರು. ಭೈರವಿ, ಯಮನ್, ಮಾಲಕಂಸ್, ತೋಡಿ ಎಲ್ಲವೂ ಅದರಲ್ಲಿದ್ದವು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಅನುಕೂಲ ಟಿಬಿ-303ರಲ್ಲಿ ಇದ್ದದ್ದು ರಾಗಕ್ಕೆ ಒದಗಿತು. ಆ ಮುದ್ರಿಕೆಯನ್ನು ಅಂದು ಕೊಂಡವರು ಕಡಿಮೆ. ಮುಂದೆ ಹಾಲೆಂಡಿನ ಸಂಗ್ರಾಹಕರೊಬ್ಬರ ಕೈಗೆ ಅದರ ಪ್ರತಿ ಸಿಕ್ಕಿ, 2010ರಲ್ಲಿ ಮರುಮುದ್ರಣವಾಯಿತು. ಷಿಕಾಗೊಗಿಂತ ಮೊದಲೇ ಇಂಥದ್ದೊಂದು ಭಾರತದಲ್ಲಿ ಆಗಿತ್ತೇ ಎಂದು ಪಶ್ಚಿಮದ ಕೇಳುಗರು ಬೆರಗಾದರು. 1940ರಲ್ಲಿ ಹುಟ್ಟಿದ ಸಿಂಗ್ ಎಪ್ಪತ್ತು ದಾಟಿದ ಮೇಲೆ ಯೂರೋಪಿನ ವೇದಿಕೆಗಳಲ್ಲಿ ಅದೇ ಸಂಗೀತವನ್ನು ನುಡಿಸಿ 2015ರಲ್ಲಿ ತೀರಿಕೊಂಡರು. ಅವರು ವೃತ್ತಿಯ ಸಂಗೀತಗಾರರು, ನಿಜ. ಹವ್ಯಾಸಿಗೆ ಅವರ ಬಾಳಿನಿಂದ ಸಿಗುವ ಪಾಠ ಬೇರೆ. ಮನಸ್ಸಿಟ್ಟು ಮಾಡಿದ ಕೆಲಸಕ್ಕೆ ಕೇಳುಗರು ತಡವಾಗಿ ಬಂದರೂ ಕೆಲಸ ಹಾಳಾಗುವುದಿಲ್ಲ. ಈ ಸಂಗೀತಕ್ಕೆ ವಯಸ್ಸಿನ ಗಡಿಯೂ ಇಲ್ಲ.

ಬೆಂಗಳೂರಿನ ಮಟ್ಟಿಗೆ ಹೇಳುವುದಾದರೆ, ವಿದ್ಯುತ್ತಿನಿಂದ ನಾದ ಹೊರಡಿಸುವ ಕೆಲಸ ಇಲ್ಲಿಗೆ ಹೊಸದೇನೂ ಅಲ್ಲ. ಈ ಊರಿನ ಎಂಜಿನಿಯರ್, ಸಂಗೀತ ಬಲ್ಲ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಸಂಗೀತ ಕಲಿಯುವವರ ಮನೆಮನೆಗೆ ಬಂದವು. ಬೆಳಗಿನ ಜಾವ ಬಸವನಗುಡಿಯ ಕಿಟಕಿಯಿಂದ ಕೇಳುವ ಆ ಶ್ರುತಿ ಯಾರಿಗೂ ಯಂತ್ರದ ಸದ್ದು ಅನ್ನಿಸುವುದಿಲ್ಲ. ತಾಳ ಹಾಕಿಕೊಡುವ ಪೆಟ್ಟಿಗೆಗಳೂ ಅದರ ಪಕ್ಕದಲ್ಲೇ ಬಂದು ಕುಳಿತವು. ನಿಂತ ಶ್ರುತಿ ಒಂದು, ನಿಲ್ಲದ ತಾಳ ಒಂದು. ನೃತ್ಯ ಸಂಗೀತದ ಮೂಲ ಸಾಮಗ್ರಿಯೂ ಇವೇ ಎರಡು. ಹಾಗೆಂದರೆ ಅರ್ಧ ಸ್ಟುಡಿಯೊ ದೇವರಮನೆಯ ಪಕ್ಕದಲ್ಲಿ ಆಗಲೇ ಇದೆ.

ಈ ಎರಡರ ಸಂಬಂಧ ತಿಳಿಯಬೇಕಾದರೆ ಕೃಷ್ಣರಾಜ ಮಾರುಕಟ್ಟೆಯ ಕಡೆ ಹೋಗಬೇಕು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 1905ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದಾಗ, ಮೊದಲು ದೀಪ ಕಂಡ ಜಾಗಗಳಲ್ಲಿ ಈ ಪೇಟೆಯ ಪ್ರದೇಶವೂ ಒಂದು. ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನ ಮಾರುಕಟ್ಟೆ 1921ರಲ್ಲಿ ಎದ್ದಿತು. ಹೂವು, ತರಕಾರಿಗಳ ಗದ್ದಲ ದಾಟಿ ನಡೆದರೆ ಒಂದು ಕಡೆ ಬಳೇಪೇಟೆಯ ವಾದ್ಯಗಳ ಅಂಗಡಿಗಳು, ಇನ್ನೊಂದು ಕಡೆ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳು. ತಬಲ, ಹಾರ್ಮೋನಿಯಂ ಒಂದೆಡೆ, ಐಸಿ, ಕೆಪಾಸಿಟರುಗಳು ಮತ್ತೊಂದೆಡೆ. ನಡುವಿನದು ಕಾಲುನಡಿಗೆಯ ದಾರಿ.

ಎಸ್.ಪಿ. ರಸ್ತೆಯಲ್ಲಿ ಸಿಗುವ ಒಂದು ಸಣ್ಣ ವಸ್ತುವಿನಿಂದ ಆರಂಭಿಸೋಣ. 555 ಎಂಬ ಸಂಖ್ಯೆಯ, ಎಂಟು ಕಾಲಿನ ಐಸಿ 1972ರಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ಚಿಲ್ಲರೆ ಹಣಕ್ಕೆ ಸಿಗುತ್ತದೆ. ಅದಕ್ಕೆ 1 ಕಿಲೋಓಮ್ ಮತ್ತು 10 ಕಿಲೋಓಮ್‌ನ ಎರಡು ರೆಸಿಸ್ಟರು, 0.1 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರು, 9 ವೋಲ್ಟಿನ ಬ್ಯಾಟರಿ ಮತ್ತು ಪುಟ್ಟ ಸ್ಪೀಕರು ಕೂಡಿಸಿದರೆ ಒಂದು ಸ್ವರ ಕೇಳುತ್ತದೆ. ಕೆಪಾಸಿಟರು ತುಂಬುತ್ತದೆ, ಬರಿದಾಗುತ್ತದೆ, ಮತ್ತೆ ತುಂಬುತ್ತದೆ. ಸೆಕೆಂಡಿಗೆ ಸುಮಾರು 685 ಬಾರಿ ಹೀಗಾಗುವುದನ್ನು ಕಿವಿ ಒಂದೇ ನಾದವಾಗಿ ಕೇಳುತ್ತದೆ.

ಈಗ ಉಳಿದದ್ದನ್ನೆಲ್ಲ ಹಾಗೇ ಬಿಟ್ಟು ಕೆಪಾಸಿಟರನ್ನು ಮಾತ್ರ ಬದಲಿಸಬೇಕು. 0.1ರ ಜಾಗಕ್ಕೆ 33 ಮೈಕ್ರೋಫ್ಯಾರಡ್‌ನದನ್ನು, ಧನ-ಋಣ ಕಾಲುಗಳನ್ನು ನೋಡಿ ಕೂಡಿಸಿದರೆ ಸ್ವರ ಮಾಯವಾಗುತ್ತದೆ. ಟಕ್, ಟಕ್, ಟಕ್ ಎಂಬ ಪೆಟ್ಟು ಕೇಳುತ್ತದೆ. ಲೆಕ್ಕದ ಪ್ರಕಾರ ನಿಮಿಷಕ್ಕೆ ಸುಮಾರು 125 ಸುತ್ತು. ಹೌಸ್ ಸಂಗೀತದ ನಡೆ 120ರಿಂದ 130ರೊಳಗೆ ಇರುವುದರಿಂದ ಇದು ಕುಣಿತಕ್ಕೆ ಸರಿಯಾದ ವೇಗ. ಕೆಪಾಸಿಟರಿನ ಮೇಲೆ ಬರೆದ ಅಳತೆಗೂ ನಿಜಕ್ಕೂ ಶೇಕಡಾ 20ರಷ್ಟು ವ್ಯತ್ಯಾಸ ಇರಬಹುದು. ಆದ್ದರಿಂದ ದೊಡ್ಡ ರೆಸಿಸ್ಟರಿನ ಬದಲು ತಿರುಗಿಸುವ ರೆಸಿಸ್ಟರು ಹಾಕಿ, ಕೈಗಡಿಯಾರ ನೋಡಿಕೊಂಡು ವೇಗವನ್ನು ಸರಿಮಾಡಿಕೊಳ್ಳಬಹುದು.

ಒಂದೇ ಸರ್ಕ್ಯೂಟು ವೇಗವಾಗಿ ಓಡಿದಾಗ ಸ್ವರವಾಯಿತು, ನಿಧಾನಕ್ಕೆ ನಡೆದಾಗ ತಾಳವಾಯಿತು. ಸೆಕೆಂಡಿಗೆ ಸುಮಾರು ಇಪ್ಪತ್ತಕ್ಕಿಂತ ಕಡಿಮೆಯಾದರೆ ಕಿವಿ ಪೆಟ್ಟುಗಳನ್ನು ಎಣಿಸುತ್ತದೆ; ಹೆಚ್ಚಾದರೆ ಎಣಿಕೆ ಬಿಟ್ಟು ಹಾಡನ್ನು ಕೇಳುತ್ತದೆ. ಶ್ರುತಿಯನ್ನು ತಾಯಿ, ಲಯವನ್ನು ತಂದೆ ಎನ್ನುವ ಹಿರಿಯರ ಮಾತಿನ ಅರ್ಥ, ಇವೆರಡೂ ಎಷ್ಟು ಹತ್ತಿರದ ಬಂಧುಗಳೆಂಬುದು, ಹತ್ತಿಪ್ಪತ್ತು ರೂಪಾಯಿಯ ಕೆಪಾಸಿಟರಿನಲ್ಲಿ ಅಂಗೈ ಮೇಲೆ ಕಾಣುತ್ತದೆ.

ಇಷ್ಟಾದ ಮೇಲೆ ತಾಳ ಕಟ್ಟುವ ಕ್ರಮ ನೋಡೋಣ. ರೋಲ್ಯಾಂಡ್ 1980ರಲ್ಲಿ ತಂದ ಟಿಆರ್-808 ತಾಳಯಂತ್ರದ ಮುಂಭಾಗದಲ್ಲಿ ಸಾಲಾಗಿ 16 ಗುಂಡಿಗಳಿದ್ದವು. ಚೌಕಾಬಾರದ ಮನೆಗಳಂತೆ ಇವನ್ನು 16 ಮನೆಗಳೆಂದು ತಿಳಿಯಬಹುದು. ಇಂದಿನ ಕಂಪ್ಯೂಟರ್ ತಂತ್ರಾಂಶಗಳೂ ಇದೇ ಸಾಲನ್ನು ಪರದೆಯ ಮೇಲೆ ತೋರಿಸುತ್ತವೆ. 1, 5, 9, 13ನೇ ಮನೆಗಳಲ್ಲಿ ದಪ್ಪ ಡ್ರಮ್ಮಿನ ಪೆಟ್ಟು; 5 ಮತ್ತು 13ರಲ್ಲಿ ಚಪ್ಪಾಳೆ; 3, 7, 11, 15ರಲ್ಲಿ ತಾಳದ ಬಿಲ್ಲೆಯಂಥ ತೆಳು ಸದ್ದು. ಹೌಸ್ ಸಂಗೀತದ ಅಡಿಪಾಯ ಇಷ್ಟೇ.

ಸಂಗೀತ ಬಲ್ಲವರಿಗೆ ಇದರ ಹೆಸರು ಗೊತ್ತಿದೆ. ನಾಲ್ಕು ಎಣಿಕೆ, ಪ್ರತಿ ಎಣಿಕೆಗೆ ನಾಲ್ಕು ಮಾತ್ರೆಯ ಚತುರಶ್ರ ನಡೆ. ಇಂಥ ಎರಡು ಸಾಲು ಸೇರಿದರೆ 32 ಮಾತ್ರೆ, ಅಂದರೆ ಎಂಟು ಎಣಿಕೆಯ ಆದಿತಾಳದ ಒಂದು ಆವರ್ತ. ರಾಮನವಮಿಯ ಕಛೇರಿಗಳಲ್ಲಿ ತೊಡೆ ತಟ್ಟುತ್ತ ತಾಳ ಹಾಕಿದ ಕೈಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಇಂಥವರು ಷಿಕಾಗೊದ ಹುಡುಗರಿಗೆ ಸುಲಭಕ್ಕೆ ಹೊಳೆಯದ ಕೆಲಸವನ್ನೂ ಮಾಡಬಲ್ಲರು. ಐದು ಮಾತ್ರೆಯ ‘ತಕತಕಿಟ’ವನ್ನು 16 ಮನೆಗಳ ಮೇಲೆ ಬಿಡದೆ ಓಡಿಸಿದರೆ, ಅದು ಮೊದಲ ಪೆಟ್ಟಿನಿಂದ ಜಾರಿ, ಎಲ್ಲೆಲ್ಲೋ ಸುತ್ತಿ, 80 ಮಾತ್ರೆಗಳ ಬಳಿಕ ಮತ್ತೆ ಸಮಕ್ಕೆ ಬಂದು ಸೇರುತ್ತದೆ. ನಿಮಿಷಕ್ಕೆ 125ರ ವೇಗದಲ್ಲಿ ಇದಕ್ಕೆ 9.6 ಸೆಕೆಂಡು ಸಾಕು. ಕೆಳಗೆ ದಪ್ಪ ಪೆಟ್ಟು ಅಲುಗದೆ ನಿಂತಿರುತ್ತದೆ, ಮೇಲೆ ಐದರ ಗುಂಪು ಓಡುತ್ತಿರುತ್ತದೆ. ಮೃದಂಗದ ತನಿ ಆವರ್ತನವನ್ನು ಕಾದು ಕುಳಿತು ಕೇಳಿದವರಿಗೆ ಈ ಸುಖ ಅಪರಿಚಿತವಲ್ಲ.

ಕೈಯೂ ಈ ಊರಿನಲ್ಲಿ ಸಿದ್ಧವಾಗಿದೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬೆಂಗಳೂರಿನಲ್ಲಿ ಆರಂಭವಾದವು. ವಿಮಾನ, ಟೆಲಿಫೋನು, ಗಡಿಯಾರ, ರೇಡಾರುಗಳನ್ನು ಕಟ್ಟಿದ ಸಾವಿರಾರು ಕೈಗಳು ಕ್ರಮೇಣ ನಿವೃತ್ತವಾದವು. ಕೆಲವರಿಗೆ ನಿವೃತ್ತಿ ಅವಧಿಗೆ ಮೊದಲೇ ಬಂತು. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಅದಕ್ಕೂ ಹಿಂದೆಯೇ ಬಹಳ ಮಂದಿ ಸ್ವಯಂನಿವೃತ್ತಿ ಪಡೆದಿದ್ದರು. ಸಂಬಳ ನಿಂತ ನಷ್ಟಕ್ಕೆ ಪಿಂಚಣಿಯೋ ಇಡಿಗಂಟೋ ಅಷ್ಟಿಷ್ಟು ಪರಿಹಾರವಾಗಬಹುದು. ಬೆಳಿಗ್ಗೆ ಶುರುಮಾಡಿದ್ದೊಂದು ಸಂಜೆಗೆ ಮುಗಿಯಿತು, ಸರಿಯಾಗಿ ಕೂತಿತು ಎಂಬ ತೃಪ್ತಿಗೆ ಪರಿಹಾರ ಎಲ್ಲೂ ಸಿಗುವುದಿಲ್ಲ. ಈ ಹವ್ಯಾಸ ಕೊಡುವುದು ಆ ತೃಪ್ತಿಯನ್ನು. ಐದು ನಿಮಿಷದ ಒಂದು ರಚನೆಗೆ 16 ಮನೆಯ ಸಾಲುಗಳು ಸುಮಾರು 156 ಬೇಕು. ಎಲ್ಲಿ ಪೆಟ್ಟು ನಿಲ್ಲಬೇಕು, ಎಲ್ಲಿ ಶ್ರುತಿ ಮಾತ್ರ ಉಳಿಯಬೇಕು, ಎಲ್ಲಿ ಎಲ್ಲವೂ ಒಟ್ಟಿಗೆ ಬರಬೇಕು ಎಂದು ಕೂಡಿಸಿ ಕಳೆದು ನೋಡುವುದರಲ್ಲಿ ವಾರಗಳು ಹಿಡಿಯುತ್ತವೆ.

ಖರ್ಚಿನ ಮಾತು. ಮನೆಯ ಹಳೆಯ ಕಂಪ್ಯೂಟರು ಆರಂಭಕ್ಕೆ ಸಾಕು. ಎಲ್‌ಎಂಎಂಎಸ್, ಹೈಡ್ರೋಜನ್, ಅಡಾಸಿಟಿಯಂಥ ಉಚಿತ ತಂತ್ರಾಂಶಗಳಲ್ಲಿ ತಾಳ ಕಟ್ಟುವುದು, ಸ್ವರ ಬರೆಯುವುದು, ಧ್ವನಿಮುದ್ರಿಸುವುದು ಸಾಧ್ಯ. ಮೊಮ್ಮಕ್ಕಳು ಕಲಿತು ಬಿಟ್ಟ ಕೀಬೋರ್ಡ್ ಅಟ್ಟದ ಮೇಲಿದ್ದರೆ ಅದನ್ನೂ ಇಳಿಸಬಹುದು. 1983ರಲ್ಲಿ ಬಂದ ಮಿಡಿ ಎಂಬ ಸಾಮಾನ್ಯ ಭಾಷೆಯಿಂದಾಗಿ ಬೇರೆ ಬೇರೆ ಕಂಪನಿಯ ವಾದ್ಯಗಳೂ ಕಂಪ್ಯೂಟರೂ ಪರಸ್ಪರ ಮಾತನಾಡುತ್ತವೆ. ನಲವತ್ತು ವರ್ಷ ದಾಟಿದರೂ ಆ ಭಾಷೆ ಬಳಕೆಯಲ್ಲಿದೆ.

ಎಚ್ಚರಿಕೆಯ ಮಾತೂ ಒಂದಿದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ತಾರದ ಸದ್ದುಗಳನ್ನು. ತೆಳು ಬಿಲ್ಲೆಯ ಸದ್ದು ಸಾಲದೆಂದು ಹಿರಿಯರು ಏರಿಸುತ್ತ ಹೋದರೆ ಕೇಳುವ ಮಕ್ಕಳ ಕಿವಿ ಚುಚ್ಚುತ್ತದೆ. ಯಾವ ಸದ್ದು ಎಷ್ಟಿದೆ ಎಂದು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಸೌಲಭ್ಯ ತಂತ್ರಾಂಶಗಳಲ್ಲಿದೆ. ಕಣ್ಣಿನಿಂದ ಅದನ್ನು ನೋಡಿ, ಕೊನೆಗೆ ಮನೆಯ ಎಳೆಯರೊಬ್ಬರನ್ನು ಕೂರಿಸಿ ಕೇಳಿಸಬೇಕು. ಹೆಡ್‌ಫೋನಿನ ಸದ್ದನ್ನು ಗರಿಷ್ಠದ ಶೇಕಡಾ 60 ದಾಟಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದ್ದ ಕಿವಿಯನ್ನು ಉಳಿಸಿಕೊಳ್ಳುವುದಕ್ಕೂ, ಪಕ್ಕದ ಮನೆಯವರ ಸ್ನೇಹ ಉಳಿಸಿಕೊಳ್ಳುವುದಕ್ಕೂ ಇದು ಒಳ್ಳೆಯದು.

‘ಈ ವಯಸ್ಸಿಗೆ ಇದು ಬೇಕೆ? ಯಂತ್ರದ ಸದ್ದು ಸಂಗೀತವಾದೀತೆ?’ ಎಂಬ ಮಾತು ಮನೆಯೊಳಗಿಂದಲೇ ಬರಬಹುದು. ಅದನ್ನು ತಳ್ಳಿಹಾಕುವಂತಿಲ್ಲ. ಎಲೆಕ್ಟ್ರಾನಿಕ್ ತಂಬೂರಿ ಬಂದ ಮೇಲೆ ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುತ್ತ ಕಲಿಯುತ್ತಿದ್ದ ಶಿಷ್ಯರ ಜಾಗ ಕಿರಿದಾಯಿತು. ಅದು ನಿಜವಾದ ನಷ್ಟ. ಆದರೆ ವಾದ್ಯವೊಂದಕ್ಕೆ ಬಾಗಿಲು ಮುಚ್ಚಿದ ತೀರ್ಪುಗಳು ಉಳಿಯುವುದು ಕಷ್ಟ. ಹಾರ್ಮೋನಿಯಂ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ನಿಷಿದ್ಧವಾಗಿತ್ತು. ಇಂದು ಅದಿಲ್ಲದ ಭಜನೆ ಅಪರೂಪ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತ ಕದ್ರಿ ಗೋಪಾಲನಾಥರು ಆ ಪರದೇಶಿ ವಾದ್ಯದಲ್ಲೇ ಕರ್ನಾಟಕ ಸಂಗೀತದ ಗಮಕಗಳನ್ನು ನುಡಿಸಿ ತೋರಿಸಿದರು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ನಡೆಸಲು ಹೊರಟಾಗ ಅದೂ ಒಬ್ಬ ಮೇಷ್ಟರ ಹವ್ಯಾಸದಂತೆಯೇ ಕಂಡಿರಬೇಕು. ಆ ಕೇಂದ್ರದ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶದ ರೇಡಿಯೊ ಹೊತ್ತುಕೊಂಡಿತು.

ಎಲ್ಲ ಹವ್ಯಾಸವೂ ಅಷ್ಟು ದೂರ ಹೋಗಬೇಕಿಲ್ಲ. ನಿವೃತ್ತರೊಬ್ಬರು ಕಟ್ಟಿದ ತಾಳಕ್ಕೆ ಮನೆಯ ಮೊಮ್ಮಗಳು ಕಾಲು ಕುಣಿಸಿದರೆ ಅದಕ್ಕೊಬ್ಬ ಕೇಳುಗಳು ಸಿಕ್ಕಂತಾಯಿತು. ‘ತಾತಾ, ಇಲ್ಲಿ ಇನ್ನೂ ಸ್ವಲ್ಪ ಜೋರು ಮಾಡಿ’ ಎಂದು ಆಕೆ ಪಕ್ಕದಲ್ಲಿ ಬಂದು ಕುಳಿತರೆ, ತಂಬೂರಿಯೊಂದಿಗೆ ಕಿರಿದಾಗಿದ್ದ ಶಿಷ್ಯರ ಜಾಗ ಅಷ್ಟರಮಟ್ಟಿಗೆ ಮತ್ತೆ ಅಗಲವಾಯಿತು. ಎಸ್.ಪಿ. ರಸ್ತೆಯ ಅಂಗಡಿಗಳು ಬೆಳಿಗ್ಗೆ ಬಾಗಿಲು ತೆರೆಯುತ್ತವೆ. ಒಂದು 555, ಎರಡು ರೆಸಿಸ್ಟರು, ಎರಡು ಬಗೆಯ ಕೆಪಾಸಿಟರು. ವಾಯುವಿಹಾರ ಮುಗಿಸಿ ಬರುವ ದಾರಿಯಲ್ಲಿ ಕೊಳ್ಳಬೇಕಾದ್ದು ಇಷ್ಟೇ.