ಹಳ್ಳಕ್ಕೂ ಒಂದಿಷ್ಟು ಜಾಗ

ಬೀಡಿ, ಖಾನಾಪುರದ ಕಡೆ ಹಳ್ಳ ಬಂತೆಂದರೆ ಖುಷಿ. ಬೆಳಗಾವಿಯಲ್ಲಿ ಬಳ್ಳಾರಿ ನಾಲೆ ಬಂತೆಂದರೆ ರೈತರಿಗೆ ದಿಗಿಲು. ನಗರದ ಕೊಳಚೆ ಹೊತ್ತು ಮಾರ್ಕಂಡೇಯ ನದಿಯತ್ತ ಸಾಗುವ ಈ ನಾಲೆ, ಜೋರು ಮಳೆಗೆ ಶಹಾಪುರ, ವಡಗಾವಿ ಕಡೆಯ ಭತ್ತದ ಗದ್ದೆಗಳಿಗೆ ನುಗ್ಗುತ್ತದೆ. ಹೂಳು, ಕಳೆ, ಒತ್ತುವರಿ ಎಲ್ಲ ಸೇರಿ ನೀರಿಗೆ ದಾರಿಯೇ ಇಲ್ಲ. ಕಾಂಕ್ರೀಟ್ ಗೋಡೆ ಕಟ್ಟಿದರಾಯಿತು ಎನ್ನುವವರಿದ್ದಾರೆ. ಗೋಡೆ ನೆರೆಯನ್ನು ಮುಂದಿನ ಊರಿಗೆ ದಾಟಿಸುತ್ತದೆ, ಅಷ್ಟೇ.

ಬೇರೆ ದಾರಿಯೂ ಇದೆ. ದಕ್ಷಿಣ ಕೊರಿಯಾದ ಸೋಲ್ ನಗರ ಮೇಲ್ಸೇತುವೆಯನ್ನೇ ಕೆಡವಿ, ಅದರಡಿ ಮುಚ್ಚಿಹೋಗಿದ್ದ ಸುಮಾರು 6 ಕಿಲೋಮೀಟರ್ ಹಳ್ಳವನ್ನು 2005ರ ಹೊತ್ತಿಗೆ ಮತ್ತೆ ಬೆಳಕಿಗೆ ತಂದಿತು. ಅಲ್ಲಿ ಹರಿಯುವುದು ಬಹುಪಾಲು ಪಂಪಿನ ನೀರು ಅನ್ನಿ! ನಮಗೆ ಮಳೆ ಪುಕ್ಕಟೆ. ಮೊದಲು ಬಳ್ಳಾರಿ ನಾಲೆಯಿಂದ ಕೊಳಚೆ ಬೇರೆಯಾಗಲಿ. ದಡದಲ್ಲಿ ತಗ್ಗಿನ ಉದ್ಯಾನವಿರಲಿ. ಮಳೆಗಾಲದಲ್ಲಿ ನಾಲ್ಕು ದಿನ ಅಲ್ಲಿ ನೀರು ನಿಲ್ಲಲಿ, ನಮ್ಮ ವಾಕಿಂಗ್ ಆಮೇಲೆ.